ವರ್ಷ ಎಣಿಸಬೇಡಿ, ನೆಲ ನೋಡಿ!

ನಮ್ಮ ರಾಮತೀರ್ಥ ನಗರದಲ್ಲಿ ಹೊಸ ಮನೆ ಕಟ್ಟಿಸಿದ ಕೆಲವರು ಹಾಲ್‌ನಲ್ಲಿ ಗಾಜಿನ ಕಪಾಟು ಮಾಡಿಸಿದ್ದಾರೆ. ಒಳಗೆ ಸ್ಕಾಟ್ಲೆಂಡಿನ ಬಾಟಲಿ. 'ಹದಿನೆಂಟು ವರ್ಷದ್ದು!' ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಪಕ್ಕದಲ್ಲಿ ನಮ್ಮ ಕರ್ನಾಟಕದ ಎಂಟು ವರ್ಷದ್ದು ಇಟ್ಟರೆ 'ಇದಿನ್ನೂ ಕೂಸು' ಎಂದು ನಗುತ್ತಾರೆ. ಆ ನಗುವಿನ ಮೇಲೆಯೇ ನನ್ನ ತಕರಾರು!

ನಾನು ಅಚ್ಚಿನ ಮನೆಯವನು. ಲೇಬಲ್ಲಿನ ಮೇಲೆ ದಪ್ಪ ಅಂಕಿ ಹಾಕಿದರೆ ಗಿರಾಕಿಯ ಕಣ್ಣು ಅಲ್ಲೇ ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಆದರೆ ಆ ಅಂಕಿಯ ಅರ್ಥ ಏನು?

ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ, ಒಂದೇ ಡಿಸ್ಟಿಲರಿಯಲ್ಲಿ ಇಳಿಸಿದ್ದು ಸಿಂಗಲ್ ಮಾಲ್ಟ್. ಓಕ್ ಮರದ ಪೀಪಾಯಿಯಲ್ಲಿ ಕಳೆದ ಕಾಲವೇ ಅದರ ವಯಸ್ಸು. ಬಾಟಲಿಗೆ ತುಂಬಿದ ದಿನವೇ ವಯಸ್ಸು ನಿಂತಿತು. ಕಪಾಟಿನಲ್ಲಿ ಇನ್ನೂ ಇಪ್ಪತ್ತು ವರ್ಷ ಕೂತರೂ ಹನ್ನೆರಡು ಹನ್ನೆರಡೇ!

ಪೀಪಾಯಿಯಲ್ಲಿರುವಾಗ ಒಳಗಿನದು ದಿನವೂ ಆವಿಯಾಗಿ ಹೋಗುತ್ತದೆ. ಇದಕ್ಕೆ ಅವರು 'ದೇವತೆಗಳ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2 ಹೋದರೆ, ಬೆಂಗಳೂರಿನಲ್ಲಿ 10ಕ್ಕೂ ಮೇಲೆ ಹೋಗುತ್ತದೆ. ನಮ್ಮ ಬಿಸಿಲಿಗೆ ಮರದ ಸಾರವೂ ಬೇಗ ಇಳಿಯುತ್ತದೆ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಉರಿ ಜೋರಿದ್ದರೆ ಕುಂದಾದ ಹಾಲು ಬೇಗ ಬತ್ತುತ್ತದೆ. ಅವರ ಹದಿನೆಂಟು ವರ್ಷ ಇಲ್ಲಿ ಕಾಯುತ್ತ ಕೂತರೆ ಪೀಪಾಯಿಯ ತಳ ಕಂಡೀತು!

ಈ ಲೆಕ್ಕವನ್ನು ಜಗತ್ತಿಗೆ ತೋರಿಸಿದ್ದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಕಂಪನಿ. ಅವರ ಮಗ ನೀಲಕಂಠ ಜಗದಾಳೆ 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ಹುಲಿಯ ಗುಹೆಗೇ ನುಗ್ಗಿದ ಹಾಗೆ! ಜಿಮ್ ಮರ್ರೆಯ 2010ರ ವಿಸ್ಕಿ ಪುಸ್ತಕ 'ಅಮೃತ್ ಫ್ಯೂಷನ್'ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟಿತು. 2013ರಲ್ಲಿ ಎಂಟು ವರ್ಷ ಮಾಗಿದ 'ಗ್ರೀಡಿ ಏಂಜೆಲ್ಸ್' ಬಂತು. ಹೆಸರಿನ ಅರ್ಥವೇ ದುರಾಸೆಯ ದೇವತೆಗಳು. ಎರಡು ಪೀಪಾಯಿಗೆ ತುಂಬಿದ್ದು 360 ಲೀಟರ್. ಅದರಲ್ಲಿ ಮುಕ್ಕಾಲು ಪಾಲು ಗಾಳಿಗೆ ಹೋಯಿತು. ಸಿಕ್ಕಿದ್ದು 144 ಬಾಟಲಿ ಮಾತ್ರ. ಸಂಗ್ರಹಕಾರರು ಅದಕ್ಕೆ ಮುಗಿಬಿದ್ದದ್ದು ಇದೇ ಕಾರಣಕ್ಕೆ. ಇದು ಕೂಸೇ?

ಆದರೆ ನಮ್ಮ ಕಥೆ ನೋಡಿ. ಗ್ಲಾಸ್ಗೋದಲ್ಲಿ ಮಾರಿದ ಆ ಸಿಂಗಲ್ ಮಾಲ್ಟ್ ಬೆಂಗಳೂರಿನ ಅಂಗಡಿಗೆ ಬಂದದ್ದು ವರ್ಷಗಳ ಮೇಲೆ. ಹೊರಗಿನವರು ಶಹಬ್ಬಾಸ್ ಎಂದ ಮೇಲೆಯೇ ನಮ್ಮವರ ಕಣ್ಣು ತೆರೆದದ್ದು. ನಮ್ಮದನ್ನು ನಾವೇ ತೂಗಲು ತಕ್ಕಡಿ ಇಲ್ಲವೇ? ಪರರ ಅಳತೆಗೋಲಿನಿಂದ ಅಳೆದುಕೊಂಡವನು ಯಾವತ್ತೂ ಗಿಡ್ಡನೇ!

ಇನ್ನೊಂದು ಮಾತು. 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1926ರ ಮೆಕ್ಯಾಲನ್ ಬಾಟಲಿ ಒಂದು 20 ಕೋಟಿ ರೂಪಾಯಿಗೂ ಮೇಲೆ ಹೋಯಿತು. ಅದು ಸಾಹುಕಾರರ ಆಟ. ಅದನ್ನು ನೋಡಿ ಸಾಲ ಮಾಡಿ ಬಾಟಲಿ ಕೂಡಿಡಬೇಡಿ. ಕುಡಿಯಿರಿ ಎಂದೂ ನಾನು ಹೇಳುತ್ತಿಲ್ಲ. ಕುಡಿಯದವನಿಗೂ ತನ್ನ ನೆಲದ ಕೆಲಸಗಾರರ ಕಸುಬು ಗೊತ್ತಿರಬೇಕು.

ಮುಂದಿನ ಸಲ ಯಾರಾದರೂ 'ಬರೀ ಎಂಟು ವರ್ಷ' ಎಂದು ನಕ್ಕರೆ ತಲೆ ತಗ್ಗಿಸಬೇಡಿ. ಯಾವ ನೆಲದ ಎಂಟು ವರ್ಷ ಎಂದು ಕೇಳಿ!