ಕೇಳಿದವರು ಬರೆದ ಪುಸ್ತಕ

ಪ್ರವಚನಕ್ಕೂ ಕಳ್ಳರಿರುತ್ತಾರೆ. 1580ರ ದಶಕದ ಕೊನೆಗೆ ಲಂಡನ್ನಿನ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿನಲ್ಲಿ ಹೆನ್ರಿ ಸ್ಮಿತ್ ಎಂಬ ಬೋಧಕನಿದ್ದ. ಪ್ಯೂರಿಟನ್ನರ ಪೈಕಿ, ಇನ್ನೂ ಎಳೆಯ ವಯಸ್ಸು. ಕೂರಲು ಜಾಗ ಸಿಗದ ದೊಡ್ಡ ಮನುಷ್ಯರೂ ನಿಂತೇ ಕೇಳುತ್ತಿದ್ದರಂತೆ. ‘ಬೆಳ್ಳಿ ನಾಲಗೆಯ ಸ್ಮಿತ್’ ಎಂದೇ ಅವನಿಗೆ ಹೆಸರು. 1588ರಲ್ಲಿ ತಿಮೊಥಿ ಬ್ರೈಟ್ ಎಂಬ ವೈದ್ಯ ಶೀಘ್ರಲಿಪಿಯ ಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದೇ ತಡ, ಸ್ಮಿತ್‌ನ ಮಾತು ಕೇಳುಗರ ಕಾಗದದಿಂದ ನೆಟ್ಟಗೆ ಮುದ್ರಕರ ಅಂಗಡಿಗೆ ಹೋಗತೊಡಗಿತು. ಅವನನ್ನು ಕೇಳಿದವರಿಲ್ಲ, ಕರಡು ತೋರಿಸಿದವರೂ ಇಲ್ಲ. ಕೊನೆಗೆ ಕಾಯಿಲೆ ಬಿದ್ದ ಮನುಷ್ಯ ತಾನೇ ಕುಳಿತು ತನ್ನ ಮಾತನ್ನು ತಿದ್ದಬೇಕಾಯಿತು. 1591ರಲ್ಲಿ ತೀರಿಕೊಂಡ.

ಸುಮಾರು ನಲವತ್ತು ವರ್ಷದ ಮೇಲೆ ರಿಚರ್ಡ್ ಸಿಬ್ಸ್ ಎಂಬ ಇನ್ನೊಬ್ಬ ಪ್ಯೂರಿಟನ್ ಬೋಧಕ ತನ್ನ ಅತಿ ಪ್ರಸಿದ್ಧ ಪುಸ್ತಕ ‘ದ ಬ್ರೂಸ್ಡ್ ರೀಡ್’ ಹೊರತಂದಾಗ (1630) ಮುನ್ನುಡಿಯಲ್ಲಿ ಒಪ್ಪಿಕೊಂಡದ್ದು ಇದೇ ಕಷ್ಟವನ್ನು: ಸರಿಯಾಗಿ ಬರೆದುಕೊಳ್ಳದ ಯಾರೋ ಇದನ್ನು ಅಚ್ಚು ಹಾಕಿಸಲು ಹೊರಟಿದ್ದರು, ಅದಕ್ಕೆ ನಾನೇ ಒಮ್ಮೆ ಕಣ್ಣಾಡಿಸಿ ಕೊಡುತ್ತಿದ್ದೇನೆ ಎಂದು. ಚರ್ಚಿನಿಂದ ವೇದಗ್ರಂಥದಲ್ಲಿಲ್ಲದ್ದನ್ನೆಲ್ಲ ತೊಳೆದುಹಾಕಬೇಕೆಂದು ಹಟ ಹಿಡಿದ ಪಂಥ ಈ ಪ್ಯೂರಿಟನ್ನರದು. ಅದರ ಬೋಧಕರ ಪುಸ್ತಕಗಳಲ್ಲಿ ಎಷ್ಟು ಮಾತು ಅವರದು, ಎಷ್ಟು ಕೇಳುಗನದು ಎಂದು ವಿದ್ವಾಂಸರು ಇವತ್ತಿಗೂ ಲೆಕ್ಕ ಹಾಕುತ್ತಿದ್ದಾರೆ.

ಉಡುಪಿಯ ರಥಬೀದಿಯಲ್ಲಿ ಈ ಕತೆ ಹೇಳಿದರೆ ಯಾರೂ ಬೆರಗಾಗಲಿಕ್ಕಿಲ್ಲ. ಮಧ್ವಾಚಾರ್ಯರು ‘ಅನುವ್ಯಾಖ್ಯಾನ’ದ ನಾಲ್ಕು ಅಧ್ಯಾಯಗಳನ್ನು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ, ಎಲ್ಲೂ ತಡವರಿಸದೆ ಹೇಳಿ ಬರೆಸಿದರೆಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ ವರ್ಣಿಸುತ್ತದೆ. ಅದು ಗುರುವಿನ ಮಹಿಮೆಯ ಕತೆ. ನನ್ನ ಕುತೂಹಲ ಆ ನಾಲ್ವರ ಮೇಲೆ. ಕಬ್ಬಿಣದ ಕಂಟದಿಂದ ತಾಳೆಯೋಲೆ ಗೀರುವವನಿಗೆ ಅಳಿಸಿ ಬರೆಯುವ ಸೌಕರ್ಯ ಇರುವುದಿಲ್ಲ. ಗೀರಿದ್ದು ಗೀರಿದ್ದೇ. ಆಮೇಲೆ ಮಸಿ ಉಜ್ಜಿದಾಗ ತಪ್ಪೂ ಒಪ್ಪೂ ಒಂದೇ ಕಪ್ಪಿನಲ್ಲಿ ಎದ್ದು ಕಾಣುತ್ತವೆ.

ಆಚಾರ್ಯರ ನೇರ ಶಿಷ್ಯರಲ್ಲಿ ಒಬ್ಬರು ಹೃಷೀಕೇಶ ತೀರ್ಥರು, ಈಗಿನ ಕಾಪು ತಾಲೂಕಿನ ಪಲಿಮಾರಿನ ಹೆಸರು ಹೊತ್ತ ಮಠದ ಮೊದಲ ಯತಿ. ಗುರುವಿನ ಕೃತಿಗಳನ್ನು ಅವರು ತುಳು ಲಿಪಿಯಲ್ಲಿ ಓಲೆಗೆ ಇಳಿಸಿಟ್ಟರು ಎಂಬುದು ಸಂಪ್ರದಾಯ, ಮತ್ತು ಆ ಕಟ್ಟು ಪಲಿಮಾರು ಮಠದಲ್ಲಿ ಉಳಿದುಬಂತು. ಏಳುನೂರು ವರ್ಷದಲ್ಲಿ ಅದೇ ಕೃತಿಗಳು ಬೇರೆ ಬೇರೆ ಕಡೆ ಪ್ರತಿಯಿಂದ ಪ್ರತಿಗೆ ನಡೆಯುತ್ತ, ಒಂದೊಂದು ಊರಿನಲ್ಲಿ ಒಂದೊಂದು ಅಕ್ಷರ ಬಿಟ್ಟು, ಇನ್ನೊಂದನ್ನು ಎತ್ತಿಕೊಂಡು ಬಂದವು. ಅಚ್ಚಿನ ಕಾಲ ಬಂದಾಗ ಕೈಗೆ ಸಿಕ್ಕ ಪ್ರತಿಯೇ ಅಚ್ಚಾಯಿತು.

ಈ ಸರಪಳಿಯನ್ನು ಹಿಂದಕ್ಕೆ ಎಳೆದವರು ಬನ್ನಂಜೆ ಗೋವಿಂದಾಚಾರ್ಯರು. 1936ರಲ್ಲಿ ಉಡುಪಿಯ ಬನ್ನಂಜೆಯಲ್ಲಿ ಹುಟ್ಟಿದವರು. ಹೃಷೀಕೇಶ ತೀರ್ಥರ ಪಾಠವನ್ನು ಆಧಾರವಾಗಿಟ್ಟು ‘ಸರ್ವಮೂಲ’ವೆಂದು ಕರೆಯುವ ಮಧ್ವರ ಮೂವತ್ತೇಳು ಕೃತಿಗಳನ್ನು ಐದು ಸಂಪುಟಗಳಲ್ಲಿ ಸಂಪಾದಿಸಿದಾಗ (1969-74) ಅವರಿಗೆ ನಲವತ್ತು ತುಂಬಿರಲಿಲ್ಲ. ರೂಢಿಯ ಪಾಠಕ್ಕೂ ‘ಪ್ರಾಚೀನ ಪಾಠ’ಕ್ಕೂ ಭೇದ ಬಂದ ಕಡೆ ಅವರು ಹಳೆಯ ಓಲೆಯ ಪಕ್ಷ ವಹಿಸಿದರು. ಎಲ್ಲರೂ ತಲೆದೂಗಲಿಲ್ಲ. ಟೀಕಾಕಾರರು ಹಿಡಿದ ಪಾಠವನ್ನು ಬಿಡುವುದೆಂದರೆ ಪರಂಪರೆಯನ್ನೇ ಬಿಟ್ಟಂತೆ ಎನ್ನುವ ಪಂಡಿತರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ವಾದದಲ್ಲಿ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ನಡುವೆ ಬಂದದ್ದನ್ನೆಲ್ಲ ಸರಿಸಿ ಮೊದಲ ಕಿವಿ ಕೇಳಿದ್ದೇನು ಎಂದು ಹುಡುಕುವ ಹಟ ಇದೆಯಲ್ಲ, ಅದು ಅಪ್ಪಟ ಪ್ಯೂರಿಟನ್ ಹಟ. ಬನ್ನಂಜೆಯವರ ಕಿವಿಗೆ ಈ ಮಾತು ಬಿದ್ದಿದ್ದರೆ ನನಗೆ ಒಂದು ಗಂಟೆಯ ತರಗತಿ ಖಂಡಿತ ಆಗುತ್ತಿತ್ತು.

ಓಲೆಯ ಪಾಡು ಹೇಗಿತ್ತೆಂಬುದಕ್ಕೆ ಒಂದು ವಿವರ ಕೊಡುತ್ತೇನೆ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಉಡುಪಿಯಲ್ಲಿದ್ದ ಸರ್ವಮೂಲದ ತಾಳೆಗರಿ ಕಟ್ಟೊಂದನ್ನು ಡಿಜಿಟಲ್ ಚಿತ್ರಗಳಲ್ಲಿ ಹಿಡಿದರು. ಸುಮಾರು 26 ಇಂಚು ಉದ್ದ, 2 ಇಂಚು ಅಗಲ, 340 ಗರಿಗಳು, ಮೇಲೆ ಕೆಳಗೆ ಭಾರದ ಮರದ ಹಲಗೆ. ಅಂಚುಗಳು ಮುರಿದು ಉದುರುತ್ತಿದ್ದವು. ಉಳಿಸಬೇಕೆಂದು ಹಿಂದೆ ಯಾರೋ ಸವರಿದ ಎಣ್ಣೆಯೇ ಗರಿಯನ್ನು ಕಡುಕಂದು ಮಾಡಿ ಅಕ್ಷರ ನುಂಗಿತ್ತು. ಬರಿಗಣ್ಣಿಗೆ ಕಾಣದ ಸಾಲುಗಳನ್ನು ಅವಕೆಂಪು ಬೆಳಕಿನಲ್ಲಿ ಓದಬೇಕಾಯಿತು. ಭಕ್ತಿಯಿಂದ ಎಣ್ಣೆ ಹಚ್ಚಿದ ಆ ಕೈಯನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಆದರೂ ನಷ್ಟ ನಷ್ಟವೇ.

ಬನ್ನಂಜೆಯವರನ್ನು ಊರು ಬಲ್ಲದ್ದು ಸಂಪಾದಕರಾಗಿ ಅಲ್ಲ, ಪ್ರವಚನಕಾರರಾಗಿ. ಮಣಿಪಾಲದ ‘ಉದಯವಾಣಿ’ಯಲ್ಲಿ ಪತ್ರಕರ್ತರಾಗಿದ್ದರು, ಜಿ. ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ ಚಿತ್ರಕ್ಕೆ ಬರೆದರು, ಬಾಣನ ಕಾದಂಬರಿಯನ್ನೂ ಶೂದ್ರಕನ ಮೃಚ್ಛಕಟಿಕವನ್ನೂ ಕನ್ನಡಕ್ಕೆ ತಂದರು, 2009ರಲ್ಲಿ ಪದ್ಮಶ್ರೀ ಬಂತು. ಸಂಜೆ ಅವರ ಮುಂದೆ ಕುಳಿತವರಿಗೆ ಇದ್ಯಾವುದೂ ಬೇಕಿರಲಿಲ್ಲ. ಚೀಟಿಯಿಲ್ಲ, ಅವಸರವಿಲ್ಲ. ಒಂದು ಶ್ಲೋಕ ಎತ್ತಿಕೊಂಡರೆ ಅದರ ಒಂದು ಪದವನ್ನು ಬಿಡಿಸುತ್ತ ಉಪನಿಷತ್ತಿಗೆ ಹೋಗಿ, ಅಲ್ಲಿಂದ ಪುರಾಣಕ್ಕೆ ಇಳಿದು, ಇನ್ನು ಮರಳುವುದಿಲ್ಲ ಎಂದುಕೊಂಡಾಗ ಸರಿಯಾಗಿ ಮೊದಲ ಪದಕ್ಕೇ ಬಂದು ನಿಲ್ಲುತ್ತಿದ್ದರು. ಪ್ಯೂರಿಟನ್ನರ ಬೋಧನಾಕ್ರಮಕ್ಕೆ ಸೂತ್ರ ಹಾಕಿಕೊಟ್ಟ ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್, ಬೋಧಕ ತನ್ನ ಪಾಂಡಿತ್ಯವನ್ನು ವೇದಿಕೆಯ ಮೇಲೆ ಮುಚ್ಚಿಡಬೇಕು, ಗ್ರೀಕ್ ಲ್ಯಾಟಿನ್ ತುಣುಕು ಉದುರಿಸಬಾರದು ಎಂದಿದ್ದ. ಬನ್ನಂಜೆಯವರದು ಉಲ್ಟಾ ದಾರಿ. ಸಂಸ್ಕೃತದ ಧಾತುವನ್ನು ಜನರೆದುರೇ ಬಿಚ್ಚಿ ಹರಡುತ್ತಿದ್ದರು, ಅಡಕೆ ಕೃಷಿಕನೂ ಬ್ಯಾಂಕಿನ ಗುಮಾಸ್ತನೂ ಅದನ್ನು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು.

ಈ ಮಾತುಗಳು ಕ್ಯಾಸೆಟ್ಟಾದವು, ಸಿಡಿಯಾದವು, ಈಗ ಮೊಬೈಲಿನಲ್ಲಿವೆ. ಕೇಳಿ ಕೇಳಿ ಬರೆದುಕೊಂಡವರು ಭಾಗವತ, ಗೀತೆಯ ಪ್ರವಚನಗಳನ್ನು ಪುಟಪುಟವಾಗಿ ಅಕ್ಷರಕ್ಕಿಳಿಸಿ ಹಂಚಿದ್ದಾರೆ. ಕೈ ಮುಗಿಯಬೇಕಾದ ಶ್ರಮ. ಹೆನ್ರಿ ಸ್ಮಿತ್‌ನ ಕಾಲದ ಮುದ್ರಕನ ಹಾಗೆ ಇವರು ಕಾಸಿಗೆ ಮಾಡಿದ್ದಲ್ಲ. ಆದರೆ ಅಲ್ಲೇ ನನ್ನ ತಕರಾರು ಶುರುವಾಗುವುದು. ಆಚಾರ್ಯರ ಒಂದು ಅಕ್ಷರಕ್ಕಾಗಿ ಏಳುನೂರು ವರ್ಷ ಹಿಂದಕ್ಕೆ ನಡೆದ ಮನುಷ್ಯನ ಸ್ವಂತ ಮಾತಿಗೆ ನಾವು ಅದೇ ಮರ್ಯಾದೆ ಕೊಟ್ಟಿಲ್ಲ. ಇಂಥ ಬರಹಗಳಲ್ಲಿ ಯಾವ ಊರು, ಯಾವ ವರ್ಷ ಎಂಬುದು ಎಷ್ಟೋ ಸಲ ಇರುವುದಿಲ್ಲ. ನಗು ಬಿಟ್ಟುಹೋಗುತ್ತದೆ, ಕೇಳುಗನ ಪ್ರಶ್ನೆ ಬಿಟ್ಟುಹೋಗುತ್ತದೆ, ಉತ್ತರ ಮಾತ್ರ ಉಳಿದು ಸಿದ್ಧಾಂತದಂತೆ ಕಾಣುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಒಂದು ಶ್ಲೋಕಕ್ಕೆ ಹೇಳಿದ್ದನ್ನು ಎಪ್ಪತ್ತರಲ್ಲಿ ಬದಲಿಸುವ ಹಕ್ಕು ಮಾತನಾಡುವವನಿಗೆ ಇದ್ದೇ ಇದೆ. ಎರಡನ್ನೂ ಬೆಸೆದು ಒಂದೇ ಪ್ಯಾರಾ ಮಾಡಿದರೆ ಯಾವ ವಯಸ್ಸಿನ ಬನ್ನಂಜೆಯೂ ಅಲ್ಲದ ಮೂರನೆಯವನೊಬ್ಬ ಹುಟ್ಟಿಕೊಳ್ಳುತ್ತಾನೆ.

ಅಚ್ಚಿನ ಧರ್ಮೋಪದೇಶ ಕರಾವಳಿಗೆ ಹೊಸತೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಪ್ಯೂರಿಟನ್ನರಿಗೆ ದಾಯಾದಿಗಳೆನ್ನಬಹುದಾದ ಪಯಟಿಸ್ಟರು, ಸಂತೆ ಜಾತ್ರೆಗಳಲ್ಲಿ ನಿಂತು ಸಾರಿದರು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುಮಾಡಿದರು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕೆ ಹನ್ನೆರಡು ವರ್ಷ ಜೈಲು ಕಂಡ ಜಾನ್ ಬನ್ಯನ್ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದದ್ದು ಅವರ ಕಾಲದಲ್ಲೇ. ಅವರ ಕ್ರಮ ಮಾತ್ರ ಬೇರೆ. ಮೊದಲು ಅಚ್ಚು, ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಮಾತು. ಕೇಳಿದವನು ಬರೆದುಕೊಳ್ಳುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಮಾತನ್ನು ಪುಸ್ತಕ ಮಾಡುವ ಕೆಲಸವನ್ನು ಶಿಸ್ತಿನಿಂದ ಮಾಡಿದ ಉದಾಹರಣೆಗೆ ದೂರ ಹೋಗಬೇಕಿಲ್ಲ. ಕಾರ್ಕಳ ತಾಲೂಕಿನ ಕಾಂತಾವರದಲ್ಲಿ ವೈದ್ಯರೂ ಕಾದಂಬರಿಕಾರರೂ ಆದ ನಾ. ಮೊಗಸಾಲೆಯವರು ಕಟ್ಟಿದ ಕನ್ನಡ ಸಂಘ ಇದೆ, ಜೊತೆಗೆ ಅಲ್ಲಮಪ್ರಭು ಪೀಠ. ಅಲ್ಲಿನ ಉಪನ್ಯಾಸಗಳು ಪುಸ್ತಕಗಳಾಗಿ ಬಂದಿವೆ. ಹಳ್ಳಿಯೊಂದು ಇದನ್ನು ನಡೆಸಬಲ್ಲುದಾದರೆ ಮಠಗಳೂ ವಿಶ್ವವಿದ್ಯಾಲಯವೂ ಇರುವ ಉಡುಪಿ-ಮಣಿಪಾಲ ಏಕೆ ಕೈಕಟ್ಟಿ ಕುಳಿತಿರಬೇಕು? ಎಲ್ಲ ಮಾತೂ ಪುಸ್ತಕ ಆಗಲೇಬೇಕೆಂದೂ ನಾನು ಹೇಳುತ್ತಿಲ್ಲ. ತಾಳಮದ್ದಳೆಯ ಅರ್ಥಗಾರಿಕೆಯನ್ನು ಅಚ್ಚಿನಲ್ಲಿ ಓದಿದಾಗ ನನಗೆ ಸಿಕ್ಕಿದ್ದು ವಾದ ಮಾತ್ರ. ಎದುರು ಪಾತ್ರಧಾರಿ ಹುಬ್ಬೇರಿಸಿದಾಗ ಮಾತು ಹೊರಳಿದ ರೀತಿ ಪುಟಕ್ಕೆ ಬರಲಿಲ್ಲ.

ಬನ್ನಂಜೆಯವರ ಪ್ರವಚನದ ವಿಷಯದಲ್ಲಿ ಆಗಬೇಕಾದ್ದು ಸರಳ. ಪ್ರತಿ ಧ್ವನಿಮುದ್ರಿಕೆಗೂ ಊರು, ತಾರೀಕು ಹಚ್ಚಬೇಕು. ಒಂದೊಂದು ಸರಣಿಯನ್ನೂ ಬೇರೆಯಾಗಿಯೇ ಅಚ್ಚು ಹಾಕಬೇಕು, ಬೆರೆಸಬಾರದು. ಪಾಠಭೇದ ಬಂದ ಕಡೆ ಅಡಿಟಿಪ್ಪಣಿ ಬೇಕು, ಸರ್ವಮೂಲದ ಸಂಪುಟಗಳಲ್ಲಿ ಅವರೇ ಮಾಡಿ ತೋರಿಸಿದ ಹಾಗೆ. ಹೆನ್ರಿ ಸ್ಮಿತ್ ಬದುಕಿದ್ದಾಗ ತಾನೇ ತಿದ್ದಿಕೊಂಡ. ಬನ್ನಂಜೆಯವರು 2020ರ ಡಿಸೆಂಬರಿನಲ್ಲಿ ತೀರಿಕೊಂಡರು, ಇನ್ನು ಅವರು ಕರಡು ನೋಡುವುದಿಲ್ಲ. ವರ್ಷಗಟ್ಟಲೆ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವರು ಇನ್ನೂ ಈ ಊರಿನಲ್ಲೇ ಇದ್ದಾರೆ. ಯಾವ ಸಂಜೆ ಯಾರ ಪ್ರಶ್ನೆಗೆ ಯಾವ ಉತ್ತರ ಬಂತೆಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಈ ಮಳೆಗಾಲದಲ್ಲೇ ಶುರುಮಾಡಬಹುದು.