ಕೆಂಡದ ಮೇಲಿನ ಪೊಟ್ಟಣ

ವರ್ಷವಿಡೀ ಅಡಿಗೆಯ ಮನೆಯ ಹೊಸ್ತಿಲನ್ನು ಊಟದ ವೇಳೆಗೆ ಮಾತ್ರ ದಾಟುವ ಗಂಡಸು, ಊರ ಹೊರಗೆ ಕಾಲಿಟ್ಟೊಡನೆ ಸೌಟಿಗೆ ಕೈಚಾಚುವುದು ಲೋಕದ ವಿನೋದಗಳಲ್ಲೊಂದು. ಕಾರ್ತಿಕಮಾಸದ ವನಭೋಜನಕ್ಕೆ ಹೋಗಿ ನೆಲ್ಲಿಯ ಮರದ ನೆರಳಿನಲ್ಲಿ ಮೂರು ಕಲ್ಲು ಹೂಡಿ ಒಲೆ ಊದಿದವರಿಗೆ ಈ ಉತ್ಸಾಹ ಹೊಸದಲ್ಲ. ಅಮೆರಿಕದ ಸಂಸಾರಗಳು ಬೇಸಗೆಯ ರಜೆಯಲ್ಲಿ ಕಾಡಿನ ಅಂಚಿಗೆ ಹೋಗಿ ಗುಡಾರ ಹೂಡಿದಾಗಲೂ ನಡೆಯುವುದು ಇದೇ. ಅಲ್ಲಿನ ಶಿಬಿರಾಗ್ನಿಯ ಮುಂದೆ ಮಕ್ಕಳು ಕಾತರದಿಂದ ಕಾಯುವ ತಿಂಡಿಗಳಲ್ಲಿ ಒಂದು, ಚೀಸು ಬೆರೆತ ಆಲೂಗಡ್ಡೆ. ಅದಕ್ಕೆ ಪಾತ್ರೆ ಬೇಡ, ಬಾಣಲೆ ಬೇಡ. ಅಲ್ಯೂಮಿನಿಯಮ್ಮಿನ ತೆಳು ಹಾಳೆಯೊಂದು ಇದ್ದರೆ ಸಾಕು.

ಈ ಹಾಳೆಗೆ ಕನ್ನಡದಲ್ಲಿ ಹಳೆಯ ಹೆಸರೊಂದು ಉಂಟು: ಬೇಗಡೆ. ಬಾಸಿಂಗಕ್ಕೂ ಗೊಂಬೆಯ ಕಿರೀಟಕ್ಕೂ ಮೆತ್ತುವ ಮಿರುಗುವ ಹಾಳೆಯೇ ಅದು. ಅಮೆರಿಕನ್ನರು ಇದನ್ನು ಇಂದಿಗೂ ತವರದ ಹಾಳೆಯೆಂದೇ ಕರೆಯುತ್ತಾರೆ. ಆದರೆ ಅದರಲ್ಲಿ ತವರವಿಲ್ಲ. ಒಂದು ಕಾಲಕ್ಕೆ ನಿಜವಾಗಿಯೂ ತವರದ ಹಾಳೆಯೇ ಇತ್ತು. 1910ರಲ್ಲಿ ಸ್ವಿಟ್ಜರ್ಲೆಂಡಿನ ಎಮಿಸ್‌ಹೋಫೆನ್ ಎಂಬಲ್ಲಿ ಅಲ್ಯೂಮಿನಿಯಮ್ಮನ್ನು ತೆಳುವಾಗಿ ಉರುಳಿಸುವ ಕಾರ್ಖಾನೆ ಹುಟ್ಟಿತು. ಮೊದಲು ಚಾಕೊಲೇಟನ್ನು ಸುತ್ತಿದ ಈ ಹಾಳೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ರೆನಾಲ್ಡ್ಸ್ ಕಂಪೆನಿಯ ಸುರುಳಿಯಾಗಿ ಅಮೆರಿಕದ ಅಡಿಗೆಯ ಮನೆಯನ್ನು ಹೊಕ್ಕಿತು. ಅಲ್ಲಿಂದ ಸ್ಕೌಟು ಬಾಲಕ ಬಾಲಕಿಯರ ಚೀಲಗಳಿಗೆ ಬಂದದ್ದು ಸಹಜವೇ ಆಗಿದೆ. ಹೊಳೆಯುವ ಮೈ ಒಳಗಿರಬೇಕೋ ಹೊರಗಿರಬೇಕೋ ಎಂದು ಶಿಬಿರಗಳಲ್ಲಿ ನಡೆಯುವ ವಾಗ್ವಾದಕ್ಕೆ ಅರ್ಥವಿಲ್ಲ. ಕೊನೆಯ ಬಾರಿ ಉರುಳಿಸುವಾಗ ಎರಡು ಹಾಳೆಗಳನ್ನು ಜೋಡಿಸಿ ಹಾಯಿಸುತ್ತಾರೆ. ಉರುಳೆಗೆ ತಾಗಿದ ಮೈ ಮಿರುಗುತ್ತದೆ, ಪರಸ್ಪರ ತಾಗಿದ ಮೈ ಮಂಕಾಗುತ್ತದೆ, ಅಷ್ಟೆ.

ಹೊಸಬರೆಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಧಗಧಗನೆ ಉರಿಯುವ ಜ್ವಾಲೆಯನ್ನು ಕಂಡೊಡನೆ ಪೊಟ್ಟಣವನ್ನು ಅದರೊಳಕ್ಕೆ ಎಸೆಯುತ್ತಾರೆ. ಹೊರಗಿನ ಹೋಳು ಕರಿಯಾಗುತ್ತದೆ, ಒಳಗಿನದು ಕಟುಕಟು ಎನ್ನುತ್ತದೆ. ಮಕ್ಕಳ ಮುಖ ಬಾಡುತ್ತದೆ. ಅಡಿಗೆಗೆ ಬೇಕಾದದ್ದು ಉರಿಯಲ್ಲ, ಕೆಂಡ. ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದ ಅಜ್ಜಿಯರಿಗೆ, ಬಿಸಿ ಬೂದಿಯೊಳಗೆ ಗೆಣಸು ಹೂತಿಟ್ಟು ಕಾದ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓಕ್, ಮೇಪಲ್ ಮೊದಲಾದ ಗಟ್ಟಿಮರದ ಸೌದೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಉರಿದು, ಜ್ವಾಲೆ ಇಳಿದು, ನಿಗಿನಿಗಿ ಕೆಂಡದ ಮೇಲೆ ಬಿಳಿಯ ಬೂದಿಯ ತೆಳು ಮುಸುಕು ಹರಡಿದಾಗ ಸಮಯ ಬಂದಿತೆಂದು ತಿಳಿಯಬೇಕು. ಪೈನ್ ಮರದ ಸೌದೆ ಬೇಗ ಹೊತ್ತುತ್ತದೆ, ಬೇಗ ಆರುತ್ತದೆ. ರಾಳದಿಂದ ಮಸಿಯನ್ನೂ ಕಾರುತ್ತದೆ. ಹಸಿದ ಮಕ್ಕಳನ್ನು ಸುತ್ತಲೂ ಕೂಡಿಸಿಕೊಂಡು ಈ ಒಂದು ಗಂಟೆ ಸುಮ್ಮನಿರುವುದೇ ಅಡಿಗೆಯ ಕಠಿಣವಾದ ಭಾಗ.

ನಾಲ್ಕು ಮಧ್ಯಮ ಗಾತ್ರದ ಆಲೂಗಡ್ಡೆಗಳನ್ನು ತೊಳೆದು, ಸಿಪ್ಪೆಸಹಿತವಾಗಿಯೇ ತೆಳ್ಳಗಿನ ಬಿಲ್ಲೆಗಳಾಗಿ ಹೆಚ್ಚಬೇಕು. ಬಿಲ್ಲೆಗಳು ಒಂದೇ ದಪ್ಪದವಾಗಿರುವುದು ಮುಖ್ಯ. ಒಂದು ಈರುಳ್ಳಿ, ಎರಡು ಚಮಚ ಬೆಣ್ಣೆ, ಉಪ್ಪು, ಮೆಣಸಿನ ಪುಡಿ ಬೆರೆಸಿ, ಎರಡು ಪದರ ಬೇಗಡೆಯ ನಡುವೆ ಹರಡಿ ಅಂಚುಗಳನ್ನು ಮಡಿಸಿ ಮಡಿಸಿ ಬಿಗಿಯಬೇಕು. ಮೇಲೆ ಸ್ವಲ್ಪ ಬರಿಯ ಜಾಗ ಬಿಟ್ಟಿರಬೇಕು, ಆವಿ ತುಂಬಿಕೊಳ್ಳಲು. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯುವುದೂ ಆವಿಯಿಂದಲೇ. ಆದರೆ ಅಲ್ಲಿ ಆವಿ ಹೊರಗಿನಿಂದ ಬರುತ್ತದೆ, ಇಲ್ಲಿ ಗಡ್ಡೆ ತನ್ನ ಒಡಲಿನ ನೀರಿನಲ್ಲೇ ಬೇಯುತ್ತದೆ. ಕೆಂಡದ ಮೇಲೆ ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಹತ್ತು ಹತ್ತು ನಿಮಿಷಕ್ಕೆ ಇಕ್ಕಳದಿಂದ ಮಗುಚುವುದು. ಬಿಚ್ಚುವಾಗ ಮುಖವನ್ನು ದೂರವಿಡಬೇಕು. ಬೆಂಕಿಗೆ ಹೆದರಿದ ಮಕ್ಕಳು ಆವಿಗೆ ಹೆದರುವುದಿಲ್ಲ, ಸುಟ್ಟುಕೊಳ್ಳುವುದು ಅಲ್ಲಿಯೇ.

ಚೀಸು ಕೊನೆಯದು. ಮೊದಲೇ ಹಾಕಿದರೆ ಅದರ ಜಿಡ್ಡು ಒಡೆದು ಎಣ್ಣೆಯಾಗಿ ಹರಿದು, ಉಳಿದದ್ದು ರಬ್ಬರಿನಂತಾಗುತ್ತದೆ. ಗಡ್ಡೆ ಬೆಂದ ಮೇಲೆ ತುರಿದ ಚೆಡ್ಡರ್ ಉದುರಿಸಿ, ಮೂರು ನಾಲ್ಕು ನಿಮಿಷ ಮತ್ತೆ ಮುಚ್ಚಿಟ್ಟರೆ ಸಾಕು. ಚೀಸಿಗೆ ಗಿಣ್ಣು ಎಂದು ಕನ್ನಡ ಮಾಡಿದ ಪಂಡಿತರುಂಟು. ಆಗತಾನೆ ಈದ ಹಸುವಿನ ಹಾಲಿನಿಂದಾಗುವ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ತಿಂದವರು ಈ ಅನುವಾದವನ್ನು ಒಪ್ಪಲಾರರು. ಅದರ ಬದಲು ಪನೀರನ್ನು ಹಾಕಿದರೇನು ಎಂದು ಗೃಹಿಣಿಯರು ಕೇಳಬಹುದು. ಪನೀರು ಕರಗುವುದಿಲ್ಲ. ಹುಳಿ ಹಿಂಡಿ ಒಡೆಸಿದ ಹಾಲಿನ ಗಟ್ಟಿಗೆ ಬಿಸಿಯಲ್ಲಿ ಜಾರುವ ಗುಣವಿಲ್ಲ. ಆ ಗುಣವಿರುವುದು ರೆನೆಟ್ಟಿನಿಂದ ಹೆಪ್ಪುಗಟ್ಟಿಸಿ, ಹದವಾಗಿ ಮಾಗಿಸಿದ ಚೀಸಿಗೆ.

ಅಮೆರಿಕನ್ನರು ಇದನ್ನು ತಮ್ಮದೇ ತಿಂಡಿಯೆಂದು ಬೀಗುವುದು ತಪ್ಪಲ್ಲವಾದರೂ, ಗಡ್ಡೆಯನ್ನು ಬೆಂಕಿಯೊಡನೆ ಹೂಳುವ ವಿದ್ಯೆ ಅವರಿಗಿಂತ ಬಹಳ ಹಳೆಯದು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಪೆರುವಿನ ರೈತರು ಇಂದಿಗೂ ಗಡ್ಡೆ ಕೀಳುವ ಕಾಲದಲ್ಲಿ ಹೊಲದ ಹೆಂಟೆಗಳನ್ನೇ ಗುಮ್ಮಟದಂತೆ ಪೇರಿಸಿ, ಒಳಗೆ ಬೆಂಕಿ ಮಾಡಿ, ಹೆಂಟೆಗಳು ಚೆನ್ನಾಗಿ ಕಾದ ಮೇಲೆ ಗಡ್ಡೆಗಳನ್ನು ತುಂಬಿ, ಗುಮ್ಮಟವನ್ನು ಅವುಗಳ ಮೇಲೆಯೇ ಕೆಡವಿಬಿಡುತ್ತಾರೆ. ಇದಕ್ಕೆ ಹುಆತಿಯ ಎಂದು ಹೆಸರು. ಅಲ್ಲಿ ಬೇಗಡೆಯ ಕೆಲಸವನ್ನು ಮಾಡುವುದು ಮಣ್ಣು.

ಮಣ್ಣಿನ ಮಾತು ಬಂದಾಗ ಒಂದು ಎಚ್ಚರವನ್ನು ಹೇಳದಿರಲಾಗದು. ಹಬ್ಬದ ಮರುದಿನದ ತಂಗಳಿನ ಮೇಲೆ ಪ್ರೀತಿಯಿರುವ ಸಂಸಾರಗಳು ಇದನ್ನು ಗಮನವಿಟ್ಟು ಓದಬೇಕು. 1994ರಲ್ಲಿ ಟೆಕ್ಸಾಸಿನ ಎಲ್ ಪಾಸೊ ನಗರದ ಒಂದು ಊಟದ ಮನೆಯಲ್ಲಿ ಬೇಗಡೆ ಸುತ್ತಿ ಬೇಯಿಸಿದ ಆಲೂಗಡ್ಡೆಗಳನ್ನು ಬಿಚ್ಚದೆ ಹಾಗೆಯೇ ಕೆಲವು ದಿನ ಹೊರಗಿಟ್ಟು, ಅನಂತರ ಅವುಗಳಿಂದ ವ್ಯಂಜನ ಮಾಡಿ ಬಡಿಸಿದರು. 30 ಮಂದಿ ಬಾಟ್ಯುಲಿಸಂ ಎಂಬ ಭಯಂಕರ ರೋಗಕ್ಕೆ ತುತ್ತಾದರು. ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಆಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು ಅದರ ಲಕ್ಷಣ. ಇದಕ್ಕೆ ಕಾರಣವಾದ ಕ್ರಿಮಿಯ ಬೀಜಾಣುಗಳು ಮಣ್ಣಿನಲ್ಲಿ ಇರುತ್ತವೆ. ಮಣ್ಣಿನೊಳಗೆ ಬೆಳೆದ ಗಡ್ಡೆಗೆ ಅಂಟಿಕೊಂಡು ಬರುತ್ತವೆ. ಬೇಯಿಸಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಗಾಳಿಯಿರುವಲ್ಲಿ ಬೆಳೆಯಲಾರದ ಅವಕ್ಕೆ, ಬಿಗಿಯಾಗಿ ಸುತ್ತಿದ ಹಾಳೆಯ ಒಳಗೆ ಗಾಳಿಯಿಲ್ಲದ, ತೇವವಿರುವ, ಬೆಚ್ಚನೆಯ ಮನೆ ಸಿಕ್ಕಂತಾಗುತ್ತದೆ. ವಿಷ ಬೆರೆತದ್ದು ನಾಲಗೆಗೂ ತಿಳಿಯದು, ಮೂಗಿಗೂ ತಿಳಿಯದು.

ಆದುದರಿಂದ ಪೊಟ್ಟಣವನ್ನು ಬಿಸಿಬಿಸಿಯಾಗಿಯೇ ತಿಂದು ಮುಗಿಸಬೇಕು. ಉಳಿದರೆ ಹಾಳೆಯನ್ನು ತೆಗೆದು, ಬೇರೆ ಡಬ್ಬಿಗೆ ಹಾಕಿ, ತಡಮಾಡದೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಬೇಕು. ಆರಿದ ಒಲೆಯ ಪಕ್ಕದಲ್ಲಿ ಸುತ್ತಿದಂತೆಯೇ ರಾತ್ರಿ ಕಳೆದ ಪೊಟ್ಟಣವನ್ನು, ಮಗು ಎಷ್ಟೇ ಅತ್ತರೂ, ಬೆಳಗ್ಗೆ ಎಸೆಯುವುದೇ ಸರಿ. ಕಾಡಿನಲ್ಲಿ ಇನ್ನೊಬ್ಬ ಅತಿಥಿಯ ಭಯವೂ ಇದೆ. ಕ್ಯಾಲಿಫೋರ್ನಿಯದ ಯೊಸೆಮಿಟಿಯಲ್ಲಿ ತಿನಿಸುಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕೆಂಬ ಕಟ್ಟಳೆಯೇ ಉಂಟು. ಅಲ್ಲಿನ ಕರಡಿಗಳಿಗೆ ಮೂಗು ಚುರುಕು, ಸಂಕೋಚ ಕಡಿಮೆ.

ಇನ್ನು ಬೆಂಕಿಯ ವಿಚಾರ. ಅದೇ ಯೊಸೆಮಿಟಿಯ ಪಶ್ಚಿಮಕ್ಕೆ, 2013ರ ಆಗಸ್ಟಿನಲ್ಲಿ, ಬೇಟೆಗೆ ಹೋದವನು ಅಪ್ಪಣೆಯಿಲ್ಲದೆ ಹೊತ್ತಿಸಿದ್ದ ಬೆಂಕಿ ಕೈಮೀರಿ ಹಬ್ಬಿತೆಂದು ಅರಣ್ಯ ಇಲಾಖೆ ತೀರ್ಮಾನಿಸಿತು. ರಿಮ್ ಫೈರ್ ಎಂದು ಹೆಸರಾದ ಆ ಕಾಳ್ಗಿಚ್ಚು 2,50,000 ಎಕರೆಗೂ ಮಿಕ್ಕಿ ಸುಟ್ಟಿತು. ಹೀಗಿದ್ದರೂ ಮೇಲೆ ನಾಲ್ಕು ಹಿಡಿ ಮಣ್ಣೆಳೆದು ಗುಡಾರಕ್ಕೆ ಹೋಗಿ ಮಲಗುವ ಮಹಾಶಯರಿಗೆ ಕೊರತೆಯಿಲ್ಲ. ಮಣ್ಣಿನ ಕೆಳಗೆ ಕೆಂಡ ಆರುವುದಿಲ್ಲ, ಅಡಗುತ್ತದೆ; ಪೆರುವಿನ ರೈತನ ಹೆಂಟೆ ಕಾವನ್ನು ಕಾಪಾಡುವುದೂ ಹೀಗೆಯೇ. ಅಲ್ಲಿನ ಅರಣ್ಯಪಾಲಕರು ಹೇಳಿಕೊಡುವ ಕ್ರಮವೆಂದರೆ ಧಾರಾಳವಾಗಿ ನೀರು ಹೊಯ್ಯುವುದು, ಕೋಲಿನಿಂದ ಬೂದಿಯನ್ನು ಕದಡುವುದು, ಮತ್ತೆ ನೀರು ಹೊಯ್ಯುವುದು, ಕೊನೆಗೆ ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡುವುದು. ಕಾವು ತಗುಲಿತೋ, ಮತ್ತೊಂದು ಕೊಡ.

ಬೆಳಗ್ಗೆ ಆ ತಣ್ಣನೆಯ ಬೂದಿಯಲ್ಲಿ ಮಿರುಗುವ ಚೂರುಗಳು ಕಾಣಿಸುತ್ತವೆ. ಎಲೆಯಂತೆ ಬೇಗಡೆ ಸುಟ್ಟು ಬೂದಿಯಾಗುವುದಿಲ್ಲ, ಎಲೆಯಂತೆ ಕೊಳೆಯುವುದೂ ಇಲ್ಲ. ಸರಿಯಾದ ಶಿಬಿರಗಳಲ್ಲಿ ಗುಡಾರ ಮಡಿಸುವ ಮುನ್ನ ಅದನ್ನು ಆರಿಸಿ ಚೀಲಕ್ಕೆ ತುಂಬುವ ಕೆಲಸ ಮಕ್ಕಳದು. ಕೆಲವು ಮಡಿಕೆಗಳಲ್ಲಿ ಅಂಟಿಕೊಂಡ, ಸುಟ್ಟು ಗರಿಗರಿಯಾದ ಚೀಸನ್ನು ನೋಡಿ ಅವರು ತಂದೆಯ ಮುಖವನ್ನು ನೋಡುತ್ತಾರೆ, ತಂದೆ ತಲೆಯಾಡಿಸುತ್ತಾನೆ, ಚೂರು ಚೀಲಕ್ಕೆ ಬೀಳುತ್ತದೆ.