ಗೋಡೆಯ ಬಳ್ಳಿಯನ್ನು ಕೀಳುವ ಮುನ್ನ

ನಮ್ಮ ಕಾಲೇಜಿನ ತೋಟದ ಹಿಂಗೋಡೆಯನ್ನು ಮುಚ್ಚಿರುವ ಬಳ್ಳಿಯ ವಿಚಾರದಲ್ಲಿ ಈ ವರ್ಷ ಎರಡು ಪಕ್ಷಗಳೇ ಹುಟ್ಟಿಕೊಂಡಿವೆ. ಬಳ್ಳಿಯೇ ಕಾಲೇಜಿನ ಶೋಭೆ, ಅದನ್ನು ಯಾರೂ ಮುಟ್ಟಕೂಡದು ಎನ್ನುವವರದು ಒಂದು ಪಕ್ಷ. ಶ್ರಮದಾನದ ದಿನ ನೂರು ಜನ ಸೇರಿ ಒಂದೇ ಬೆಳಗ್ಗೆ ಕಿತ್ತೊಗೆದು, ಸಿಮೆಂಟು ಮೆತ್ತಿ, ಬಣ್ಣ ಬಳಿದುಬಿಡೋಣ ಎನ್ನುವವರದು ಇನ್ನೊಂದು. ನನ್ನ ಅಭಿಪ್ರಾಯ ಈ ಇಬ್ಬರಿಗೂ ರುಚಿಸಲಾರದು. ಬಳ್ಳಿ ಹೋಗಲೇಬೇಕು, ಆದರೆ ಒಂದು ಬೆಳಗ್ಗೆಯಲ್ಲಿ ಹೋಗಕೂಡದು.

ಇಷ್ಟು ಸಣ್ಣ ವಿಷಯಕ್ಕೆ ಲೇಖನವೇ ಎಂದು ನಗುವ ಮಿತ್ರರು ದಯವಿಟ್ಟು ಗೋಡೆಯ ಆಚೆ ಬದಿಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿ ಹೂ ಮಾರುವ ಇಬ್ಬರು ಅಮ್ಮಂದಿರು ಬೆಳಗಿನಿಂದ ಸಂಜೆಯವರೆಗೆ ಆ ಗೋಡೆಗೇ ಬೆನ್ನು ಕೊಟ್ಟು ಕುಳಿತಿರುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳು ಅದರ ನೆರಳಿನಲ್ಲೇ ನಡೆದು ಹೋಗುತ್ತಾರೆ. ನಾವು ಹಸಿರು ನೋಡುವ ಕಡೆಯಿಂದ ಗೋಡೆ ನೆಟ್ಟಗಿರುವಂತೆ ತೋರುತ್ತದೆ. ಅವರ ಕಡೆ ನಡುಭಾಗ ಬಸುರಿಯ ಹೊಟ್ಟೆಯಂತೆ ಉಬ್ಬಿದೆ. ಮಳೆಯಲ್ಲಿ ನೆನೆದ ಬಳ್ಳಿಯ ಭಾರವೇನು ಸಾಮಾನ್ಯವಲ್ಲ. ಗೋಡೆ ಬಿದ್ದರೆ ಬೀಳುವುದು ನಮ್ಮ ತೋಟದೊಳಗಲ್ಲ ಎಂಬುದನ್ನು ಎರಡೂ ಪಕ್ಷದವರು ಮರೆತಿದ್ದಾರೆ.

ಇಂಗ್ಲಿಷ್ ಪಾಠಗಳಲ್ಲಿ ಹಳೆಯ ಇಗರ್ಜಿಗಳ ಮೇಲೆ ಹಬ್ಬುವ ‘ಐವಿ’ಯ ಹೆಸರು ಕೇಳಿದ ನಮ್ಮವರು ಇದನ್ನೂ ಐವಿ ಎಂದೇ ಕರೆಯುತ್ತಾರೆ. ಆದರೆ ಇದು ಐವಿಯಲ್ಲ. ಚೀನ, ಜಪಾನುಗಳ ಕಡೆಯಿಂದ ಬಂದ, ನಮ್ಮ ಆಲ ಅತ್ತಿಗಳ ಕುಲಕ್ಕೇ ಸೇರಿದ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಫೈಕಸ್ ಪ್ಯುಮಿಲ ಎಂದು ಇದರ ಹೆಸರು. ಎಳೆಯದಾಗಿದ್ದಾಗ ಬೆರಳ ತುದಿಯಷ್ಟು ಪುಟ್ಟ ಎಲೆಗಳಿಂದ ಗೋಡೆಗೆ ಚಿತ್ತಾರ ಬರೆದಂತೆ ಅಂಟಿಕೊಂಡಿರುತ್ತದೆ. ಈ ಸೌಮ್ಯ ರೂಪಕ್ಕೆ ಮರುಳಾಗಿಯೇ ಜನ ನೆಡುವುದು. ವಯಸ್ಸಾದಂತೆ ಅದರ ಸ್ವಭಾವ ಬದಲಾಗುತ್ತದೆ. ಎಲೆ ದೊಡ್ಡದಾಗಿ ದಪ್ಪವಾಗುತ್ತದೆ, ಕಾಂಡ ಕಟ್ಟಿಗೆಯಾಗುತ್ತದೆ, ಗೋಡೆಯಿಂದ ಹೊರಕ್ಕೆ ಚಾಚಿದ ಕೊಂಬೆಗಳಲ್ಲಿ ಅತ್ತಿಯಂಥ ಕಾಯಿ ಬಿಡುತ್ತದೆ. ನಮ್ಮ ಗೋಡೆಯದು ಈ ಘಟ್ಟವನ್ನು ಮುಟ್ಟಿ ಬಹುಕಾಲವಾಯಿತು.

ಬಳ್ಳಿಯ ಪರ ವಾದಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಹಳೆಯ ಗೋಡೆಗಳ ಮೇಲಿನ ಐವಿಯನ್ನು ಪರೀಕ್ಷಿಸಿ 2010ರಲ್ಲಿ ಹೊರಗೆಡಹಿದ ಫಲಿತಾಂಶ ಅವರಿಗೆ ಅನುಕೂಲವಾಗಿಯೇ ಇದೆ. ಎಲೆಯ ಹೊದಿಕೆ ಬಿಸಿಲು ಚಳಿಗಳ ಏರಿಳಿತವನ್ನೂ, ಗಾಳಿಯ ಹೊಗೆ ಧೂಳನ್ನೂ ಗೋಡೆಗೆ ತಟ್ಟದಂತೆ ತಡೆಯುತ್ತದಂತೆ. ಆದರೆ ಅದೇ ಪರೀಕ್ಷೆಯ ಇನ್ನೊಂದು ಮಾತನ್ನು ಅವರು ಹೇಳುವುದಿಲ್ಲ: ಗೋಡೆಯಲ್ಲಿ ಮೊದಲೇ ಬಿರುಕು ತೂತುಗಳಿದ್ದು ಬೇರು ಒಳಹೊಕ್ಕರೆ ಹಾನಿ ತಪ್ಪಿದ್ದಲ್ಲ. ಗಟ್ಟಿ ಗೋಡೆಗೆ ಬಳ್ಳಿ ಹೊದಿಕೆ, ಜೀರ್ಣ ಗೋಡೆಗೆ ಅದು ಮೀಟುಗೋಲು. ನಮ್ಮದು ಯಾವ ಬಗೆಯದೆಂದು ಹೂವಿನ ಅಮ್ಮಂದಿರನ್ನು ಕೇಳಿದರೂ ಹೇಳುತ್ತಾರೆ.

ಇನ್ನು ಕಿತ್ತೊಗೆಯುವ ವೀರರ ಮಾತು. ಹಸಿ ಬಳ್ಳಿಯನ್ನು ಹಿಡಿದು ಜಗ್ಗಿದರೆ ಬಳ್ಳಿಯೊಂದೇ ಬರುವುದಿಲ್ಲ. ಅಂಟುಬೇರುಗಳು ಕಚ್ಚಿಕೊಂಡ ಗಾರೆಯೂ ಸಡಿಲವಾದ ಕಲ್ಲೂ ಜೊತೆಗೇ ಬರುತ್ತವೆ. ಮೊದಲು ಉಬ್ಬಿದ ಜಾಗಕ್ಕೆ ಆಚೆ ಬದಿಯಿಂದ ಮರದ ಆನಿಕೆ ಕೊಡಬೇಕು. ಕೊಂಬೆಗಳಲ್ಲಿ ಹಕ್ಕಿಗೂಡು ಇದೆಯೇ ಎಂದು ನೋಡಬೇಕು. ಆಮೇಲೆ ಬುಡದಲ್ಲಿ ಕಾಂಡವನ್ನು ಕಡಿದು, ಗೇಣುದ್ದದ ತುಂಡನ್ನು ತೆಗೆದುಹಾಕಿ, ಬಳ್ಳಿಯನ್ನು ಅದರ ಪಾಡಿಗೆ ಬಿಡಬೇಕು. ಕೆಲವು ವಾರಗಳಲ್ಲಿ ಎಲೆ ಒಣಗಿ ಉದುರಿ, ಅಂಟುಬೇರುಗಳ ಹಿಡಿತ ಸಡಿಲಿ, ಕಟ್ಟಿಗೆ ಹಗುರವಾಗುತ್ತದೆ. ಆಗ ಮೇಲಿನಿಂದ ಕೆಳಕ್ಕೆ, ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತ ಬಿಡಿಸಬೇಕು. ಕಲ್ಲಿನೊಳಕ್ಕೆ ಹೊಕ್ಕ ಕಾಂಡವನ್ನು ಎಳೆಯದೆ ಅಲ್ಲಿಗೇ ಕತ್ತರಿಸುವುದೇ ಲೇಸು. ಕಡಿದ ಕಡೆ ಒಸರುವ ಹಾಲು ಕೆಲವರ ಚರ್ಮಕ್ಕೆ ಉರಿ ತರುವುದರಿಂದ ಕೈಗವಸು ಬೇಕು. ಇದರಲ್ಲಿ ಶೌರ್ಯವೇನೂ ಇಲ್ಲ. ಛಾಯಾಚಿತ್ರಕ್ಕೆ ತಕ್ಕ ದೃಶ್ಯವಂತೂ ಅಲ್ಲವೇ ಅಲ್ಲ.

ಬಳ್ಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದರ ಮರೆಯಲ್ಲಿ ತಲೆಯೆತ್ತಿರುವ ಮೂರು ಅಶ್ವತ್ಥದ ಸಸಿಗಳು. ಹಣ್ಣು ತಿಂದ ಹಕ್ಕಿಯ ಹಿಕ್ಕೆಯಿಂದ ಬೀಜ ಬಿರುಕಿಗೆ ಬೀಳುತ್ತದೆ, ಒಂದು ಮಳೆಗೆ ಚಿಗುರುತ್ತದೆ. ಎರಡೆಲೆ ಇದ್ದಾಗ ಹೆಬ್ಬೆರಳು ತೋರುಬೆರಳು ಸಾಕು. ಎರಡು ವರ್ಷ ಬಿಟ್ಟರೆ ಗುದ್ದಲಿಯೂ ಸಾಲದು. ಅಷ್ಟರಲ್ಲಿ ಅದು ಪೂಜ್ಯವೂ ಆಗಿರುತ್ತದೆ! ಗೋಡೆ ನೋಡಲು ಬಂದ ಮೇಸ್ತ್ರಿಯೇ, “ಬಳ್ಳಿ ಕಡಿತೀನಿ ಸ್ವಾಮಿ, ಅರಳಿಗೆ ನಾನು ಕತ್ತಿ ಹಾಕೋಲ್ಲ” ಎಂದು ಕೈಮುಗಿದುಬಿಟ್ಟರು. ಅವರ ಭಾವನೆಯನ್ನು ನಾನು ಹಳಿಯಲಾರೆ. ಆ ಕಾರಣಕ್ಕೇ ಸಸಿಯನ್ನು ಎಳೆಯದಿದ್ದಾಗ ಬೇರುಸಹಿತ ಬಿಡಿಸಿ ಮೈದಾನದ ಮೂಲೆಯಲ್ಲಿ ನೆಟ್ಟರೆ ಮರಕ್ಕೂ ಮಾನ, ಗೋಡೆಗೂ ಪ್ರಾಣ. ತಡಮಾಡಿದರೆ ಏನಾಗುವುದೆಂಬುದಕ್ಕೆ ಕಾಂಬೋಡಿಯದ ತಾ ಪ್ರೋಮ್ ಸಾಕ್ಷಿಯಾಗಿದೆ. 1186ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ಗೋಡೆಗಳನ್ನು ಮರಗಳ ಬೇರುಗಳು ಎಷ್ಟು ತಬ್ಬಿಕೊಂಡಿವೆಯೆಂದರೆ, ಮರ ತೆಗೆದರೆ ಕಲ್ಲು ಬೀಳುತ್ತದೆ, ಉಳಿಸಿದರೆ ಕಲ್ಲು ಸೀಳುತ್ತದೆ. ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರೇ ಅಲ್ಲಿ ಹೋಗಿ ವರ್ಷಗಟ್ಟಲೆ ದುಡಿದಿದ್ದಾರೆ. ನಮ್ಮ ಗೋಡೆಗೆ ಅವರು ಬರುವರೆಂದು ಯಾರೂ ಆಸೆಪಡಬೇಕಾಗಿಲ್ಲ.

ಬಳ್ಳಿ ತೆಗೆದ ಮೇಲೆ ಸಿಮೆಂಟು ಮೆತ್ತುವ ಯೋಚನೆಯನ್ನೂ ಬಿಡಬೇಕು. ಕಲ್ಲು ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ಗಾರೆಯ ಮೂಲಕವೇ ಉಸಿರಿನಂತೆ ಹೊರಬಿಡುತ್ತದೆ; ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಸಂದುಗಳಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಆ ಕೆಲಸ ಬಲ್ಲ ಕೈಗಳು ನಮ್ಮ ಊರಿನಲ್ಲಿ ಇನ್ನೂ ಇವೆ.

ಗೋಡೆಗೆ ಬಣ್ಣ ಬಳಿಯಲು ಹಣ ಎಲ್ಲಿಂದಲೋ ಬರುತ್ತದೆ, ವರ್ಷಕ್ಕೊಮ್ಮೆ ಸಸಿ ಕೀಳಲು ಬರುವುದಿಲ್ಲ. ಆದ್ದರಿಂದ ಮಾನ್ಯ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೆ: ಆನಿಕೆಯನ್ನು ಈ ವಾರವೇ ಕೊಡಿಸಬೇಕು, ಬುಡವನ್ನು ಜನವರಿಯಲ್ಲಿ ಕಡಿಸಬೇಕು, ಗಾರೆ ಕೆಲಸ ಮುಂಗಾರಿನ ಒಳಗೆ ಮುಗಿಯಬೇಕು. ಅಲ್ಲಿಯವರೆಗೆ ಹೂವಿನ ಅಮ್ಮಂದಿರಿಗೆ ಮುಂಬಾಗಿಲ ಪಕ್ಕದ ಹೊಂಗೆಯ ಕೆಳಗೆ ಜಾಗ ಕೊಡಬೇಕು. ಅವರನ್ನು ನಾನು ಕೇಳಿದ್ದೇನೆ. ಅಲ್ಲಿ ವ್ಯಾಪಾರವೂ ಹೆಚ್ಚಾದೀತು ಎಂದರು.